ಪಟ್ಟವಲ್ಲದ ಪದವಿ

1789ನೆಯ ಇಸವಿಯ ಮಾರ್ಚ್ 4ರಂದು ವರ್ಜೀನಿಯಾದ ಒಬ್ಬ ದೊಡ್ಡ ಜಮೀನುದಾರರು, ನೆರೆಯ ಅಲೆಕ್ಸಾಂಡ್ರಿಯ ಪಟ್ಟಣದ ರಿಚರ್ಡ್ ಕಾನ್ವೇ ಎಂಬ ಧನಿಕರಿಗೆ ಸಾಲ ಕೇಳಿ ಒಂದು ಪತ್ರ ಬರೆದರು. ಬೆಳೆ ಕೈಕೊಟ್ಟಿದೆ, ಬರಬೇಕಾದ ಬಾಕಿಗಳು ವಸೂಲಾಗುತ್ತಿಲ್ಲ, ಬಡ್ಡಿಗೆ ಹಣ ತರುವ ಪ್ರಸಂಗ ತಮಗೆ ಬಂದೀತೆಂದು ಎಂದೂ ಎಣಿಸಿರಲಿಲ್ಲ ಎಂಬುದು ಅದರ ತಾತ್ಪರ್ಯ. ಕೇಳಿದ್ದು 500 ಪೌಂಡು. ಎರಡು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಪತ್ರ ಹೋಯಿತು. ಮೊದಲಿನ ಮೊತ್ತ ಊರಿನ ಋಣ ತೀರಿಸುವುದಕ್ಕೇ ಸರಿಹೋಗುವುದು, ನ್ಯೂಯಾರ್ಕಿನವರೆಗಿನ ಪ್ರಯಾಣದ ಖರ್ಚಿಗೆ ಮತ್ತೂ 100 ಪೌಂಡು ಬೇಕೆಂದು ಅದರಲ್ಲಿ ಬರೆದಿತ್ತು. ಹೀಗೆ ಸಾಲ ಕೇಳಿದವರು ಜಾರ್ಜ್ ವಾಷಿಂಗ್ಟನ್. ಅವರು ನ್ಯೂಯಾರ್ಕಿಗೆ ಹೊರಟಿದ್ದುದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವುದಕ್ಕೆ.

ಭೂಮಿ ಸಾವಿರಾರು ಎಕರೆ, ಕೈಯಲ್ಲಿ ರೊಕ್ಕವಿಲ್ಲ. ವ್ಯಾಪಾರ ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಆದರೆ ಇತಿಹಾಸದಲ್ಲಿ ಅಧಿಕಾರಕ್ಕೆ ಬಂದವರು ಸಾಮಾನ್ಯವಾಗಿ ಬೊಕ್ಕಸವನ್ನು ವಶಪಡಿಸಿಕೊಂಡು ಬಂದವರೇ ಹೊರತು ಹಾದಿಖರ್ಚಿಗೆ ಸಾಲಪತ್ರ ಬರೆದುಕೊಟ್ಟು ಬಂದವರಲ್ಲ. ಈ ಒಂದು ಕಾರಣಕ್ಕಾಗಿಯಾದರೂ ಆ ವರ್ಷದ ಅಧಿಕಾರ ಸ್ವೀಕಾರ ಸಮಾರಂಭವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ.

ಹೊಸ ಸಂವಿಧಾನದ ಪ್ರಕಾರ ಕಾಂಗ್ರೆಸ್ಸು ಸೇರಬೇಕಾಗಿದ್ದುದೂ ಅದೇ ಮಾರ್ಚ್ 4ರಂದು. ಸದಸ್ಯರು ಕೆಟ್ಟ ದಾರಿಗಳಲ್ಲಿ ಪ್ರಯಾಸಪಟ್ಟು ಬಂದು ಸೆನೆಟ್ ಸಭೆಗೆ ಕೋರಂ ಆದುದು ಏಪ್ರಿಲ್ 6ಕ್ಕೆ. ಅಂದೇ ಮತಪತ್ರಗಳನ್ನು ಎಣಿಸಲಾಯಿತು. ಮತ ನೀಡಿದ 69 ಚುನಾಯಕರೂ ವಾಷಿಂಗ್ಟನ್ನರನ್ನೇ ಆರಿಸಿದ್ದರು. 13 ರಾಜ್ಯಗಳ ಪೈಕಿ ಇದರಲ್ಲಿ ಪಾಲ್ಗೊಂಡವು 10 ಮಾತ್ರ. ಉತ್ತರ ಕೆರೊಲಿನಾ ಮತ್ತು ರೋಡ್ ಐಲೆಂಡ್ ಇನ್ನೂ ಸಂವಿಧಾನವನ್ನು ಒಪ್ಪಿರಲಿಲ್ಲ. ಸಮಾರಂಭ ನಡೆಯಲಿದ್ದ ನ್ಯೂಯಾರ್ಕ್ ರಾಜ್ಯವಂತೂ ತನ್ನ ಶಾಸನಸಭೆಯ ಒಳಜಗಳದಿಂದಾಗಿ ಚುನಾಯಕರನ್ನೇ ಕಳುಹಿಸಲಿಲ್ಲ. ಮದುವೆ ಚಪ್ಪರ ಹಾಕಿದ ಮನೆಯವರೇ ನಿಶ್ಚಿತಾರ್ಥಕ್ಕೆ ಗೈರುಹಾಜರಾದಂತಾಯಿತು.

ಏಪ್ರಿಲ್ 14ರಂದು ಕಾಂಗ್ರೆಸ್ಸಿನ ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಈ ವಾರ್ತೆಯನ್ನು ಮೌಂಟ್ ವರ್ನನ್ನಿನ ಮನೆಗೆ ತಂದರು. ಮರುದಿನ ಬಿಟ್ಟು ಅದರ ಮರುದಿನ ಪ್ರಯಾಣ ಹೊರಟಿತು. ತಮ್ಮ ಸ್ಥಿತಿ ವಧಾಸ್ಥಾನಕ್ಕೆ ಹೋಗುವ ಅಪರಾಧಿಯ ಸ್ಥಿತಿಯಂತಿದೆಯೆಂದು ಆ ದಿನಗಳಲ್ಲಿ ಅವರು ಸ್ನೇಹಿತರಾದ ಹೆನ್ರಿ ನಾಕ್ಸ್‌ರಿಗೆ ಬರೆದಿದ್ದರು. ದಾರಿಯುದ್ದಕ್ಕೂ ಸ್ವಾಗತ. ಟ್ರೆಂಟನ್ನಿನಲ್ಲಿ 13 ಕಂಬಗಳ ತೋರಣ, ಹೂ ಚೆಲ್ಲುವ ಬಾಲಿಕೆಯರು. ಏಪ್ರಿಲ್ 23ರಂದು 13 ಮಂದಿ ನಾವಿಕರು ಹುಟ್ಟುಹಾಕಿದ ದೋಣಿಯಲ್ಲಿ ನ್ಯೂಯಾರ್ಕ್ ಪ್ರವೇಶ. ದಡದಲ್ಲಿ ಜನಸಾಗರ, ತೋಪುಗಳ ಗರ್ಜನೆ. ಇಷ್ಟೆಲ್ಲ ಜಯಘೋಷದ ನಡುವೆ ಅವರ ಮನಸ್ಸಿಗೆ ಹೊಳೆದುದೇನೆಂದರೆ, ಒಳ್ಳೆಯದನ್ನು ಮಾಡಲು ಶ್ರಮಿಸಿಯೂ ಕಡೆಗೊಮ್ಮೆ ಈ ದೃಶ್ಯವೆಲ್ಲ ತಿರುವುಮುರುವಾಗಬಹುದಲ್ಲ ಎಂಬುದು. ಸಂತೋಷದಷ್ಟೇ ನೋವೂ ಆಯಿತೆಂದು ಅವರು ದಿನಚರಿಯಲ್ಲಿ ಗುರುತು ಮಾಡಿಟ್ಟರು. ಹಾರ ಹಾಕಿಸಿಕೊಳ್ಳುವ ಗಳಿಗೆಯಲ್ಲೇ ಹಾರ ಬಾಡುವುದನ್ನು ನೆನೆಯುವವರು ವಿರಳ.

ಏಪ್ರಿಲ್ 30, ಗುರುವಾರ. ವಾಲ್ ಸ್ಟ್ರೀಟಿನ ಹಳೆಯ ಪುರಭವನವನ್ನು ಪಿಯೇರ್ ಲಾಂಫಾಂ ಎಂಬ ಫ್ರೆಂಚ್ ಶಿಲ್ಪಿ ನವೀಕರಿಸಿ ಫೆಡರಲ್ ಹಾಲ್ ಆಗಿ ಮಾರ್ಪಡಿಸಿದ್ದರು. ಅದರ ಮೇಲ್ಮಹಡಿಯ ಮೊಗಸಾಲೆಯಲ್ಲಿ, ಕೆಳಗೆ ಬೀದಿಯಲ್ಲಿ ನೆರೆದ ಜನರೆಲ್ಲ ಕಾಣುವಂತೆ, ವಾಷಿಂಗ್ಟನ್ನರು ನಿಂತರು. ಅವರು ಧರಿಸಿದ್ದ ಕಂದುಬಣ್ಣದ ಉಡುಪಿನ ಬಗ್ಗೆ ಬಟ್ಟೆ ವ್ಯಾಪಾರಿಗಳು ಒಂದು ಮಾತು ತಿಳಿದಿರಬೇಕು. ಆ ಕಾಲದ ಅಮೆರಿಕದ ಗಣ್ಯರಿಗೆ ಉತ್ತಮ ಉಣ್ಣೆಬಟ್ಟೆಯೆಂದರೆ ಇಂಗ್ಲೆಂಡಿನ ಬಟ್ಟೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಜೆರಮಾಯ ವಾಡ್ಸ್‌ವರ್ತ್ ಮೊದಲಾದವರು ಆಗತಾನೆ ಒಂದು ಉಣ್ಣೆ ಕಾರ್ಖಾನೆ ಪ್ರಾರಂಭಿಸಿದ್ದರು. ನಾಕ್ಸ್‌ರ ಮೂಲಕ ಅಲ್ಲಿಂದ ಬಟ್ಟೆ ತರಿಸಿ ಹೊಲಿಸಿದ ಉಡುಪು ಅದು; ಗುಂಡಿಗಳ ಮೇಲೆ ಗರುಡನ ಮುದ್ರೆ. ನೇಯ್ಗೆ ಇಂಗ್ಲಿಷ್ ಬಟ್ಟೆಯಷ್ಟು ನಯವಾಗಿದ್ದಿರಲಾರದು. ಸ್ವದೇಶಿ ಎಂಬ ಶಬ್ದವನ್ನು ಭಾರತ ತನ್ನದಾಗಿಸಿಕೊಳ್ಳುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆಯೇ ಒಂದು ರಾಷ್ಟ್ರದ ಮುಖ್ಯಸ್ಥರು ತಮ್ಮ ಮೈಮೇಲಿನ ಬಟ್ಟೆಯಿಂದಲೇ ಅದನ್ನು ಹೇಳಿದ್ದರೆಂಬುದು ಗಮನಾರ್ಹ. ಸೊಂಟದಲ್ಲಿ ಖಡ್ಗವಿತ್ತು ನಿಜ. ಆದರೆ ಕಿರೀಟವಿರಲಿಲ್ಲ, ಅಭಿಷೇಕವಿರಲಿಲ್ಲ, ಸಿಂಹಾಸನವೂ ಇರಲಿಲ್ಲ.

ಸರ್ವೋಚ್ಚ ನ್ಯಾಯಾಲಯ ಇನ್ನೂ ರಚನೆಯಾಗದಿದ್ದುದರಿಂದ ಪ್ರಮಾಣ ಬೋಧಿಸಿದವರು ನ್ಯೂಯಾರ್ಕ್ ರಾಜ್ಯದ ಛಾನ್ಸಲರ್ ರಾಬರ್ಟ್ ಲಿವಿಂಗ್‌ಸ್ಟನ್. ಕೊನೆಯ ಗಳಿಗೆಯಲ್ಲಿ ಬೈಬಲ್ ಇಲ್ಲವೆಂಬುದು ನೆನಪಾಗಿ ಸಮೀಪದ ಒಂದು ಮೇಸನಿಕ್ ಮಂದಿರದಿಂದ ಎರವಲು ತಂದರು. ಎಷ್ಟು ದೊಡ್ಡ ಸಮಾರಂಭವಾದರೂ ಏನಾದರೊಂದು ಮರೆತೇ ಇರುತ್ತದೆಂಬುದಕ್ಕೆ ಇದು ಸಾಕ್ಷಿ. ಉತ್ಸವ ನಡೆಸಿ ಅನುಭವವಿದ್ದವರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ಪ್ರಮಾಣವಚನದಲ್ಲಿರುವುದು ಇಂಗ್ಲಿಷಿನ 35 ಪದಗಳು. ಅಧ್ಯಕ್ಷ ಪದವಿಯ ಕಾರ್ಯವನ್ನು ನಿಷ್ಠೆಯಿಂದ ನೆರವೇರಿಸುವುದು, ಸಂವಿಧಾನವನ್ನು ತನ್ನ ಶಕ್ತಿಯಿರುವಷ್ಟೂ ಉಳಿಸಿ, ಕಾಪಾಡಿ, ರಕ್ಷಿಸುವುದು - ಇಷ್ಟೇ ಅದರ ಅರ್ಥ. ಸಂವಿಧಾನದಲ್ಲಿ ಅಕ್ಷರಶಃ ಬರೆದಿಟ್ಟಿರುವ ಪ್ರಮಾಣ ಇದೊಂದೇ. ಅಲ್ಲಿ ದೇಶವನ್ನು ಸಮೃದ್ಧಗೊಳಿಸುವ ಮಾತಿಲ್ಲ, ಶತ್ರುಗಳನ್ನು ಗೆಲ್ಲುವ ಮಾತಿಲ್ಲ, ಪ್ರಜೆಗಳು ವಿಧೇಯರಾಗಿರಬೇಕೆಂಬ ಮಾತಂತೂ ಇಲ್ಲವೇ ಇಲ್ಲ. ಒಬ್ಬ ಧರ್ಮದರ್ಶಿಯು ನ್ಯಾಸಪತ್ರಕ್ಕೆ ಬದ್ಧನಾಗುವಂತೆ ಒಬ್ಬ ಮನುಷ್ಯನು ಒಂದು ಕಾಗದಕ್ಕೆ ಬದ್ಧನಾಗುತ್ತಾನೆ. ಕೊನೆಗೆ ವಾಷಿಂಗ್ಟನ್ನರು ದೇವರ ನೆರವನ್ನು ಕೋರುವ ನುಡಿಯೊಂದನ್ನು ಸ್ವಂತವಾಗಿ ಸೇರಿಸಿದರೆಂಬ ಕಥೆ ಬಹು ಪ್ರಸಿದ್ಧ. ಸಮಕಾಲೀನರ ಬರಹಗಳಲ್ಲಿ ಅದಕ್ಕೆ ಆಧಾರ ದೊರೆತಿಲ್ಲ, ಕಥೆ ಹುಟ್ಟಿದ್ದು ಹಲವು ದಶಕಗಳ ಅನಂತರ.

ಇದೇ ಪ್ರಮಾಣದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಆಣೆಯಿಡುತ್ತೇನೆ ಎಂಬುದರ ಬದಲು ದೃಢವಾಗಿ ಹೇಳುತ್ತೇನೆ ಎಂದಷ್ಟೇ ನುಡಿಯಲು ಸಂವಿಧಾನವು ಅವಕಾಶ ಕೊಟ್ಟಿದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರಂಥವರಿಗೆ ಇದು ಅನುಕೂಲ. ಯುದ್ಧವನ್ನು ನಿರಾಕರಿಸುವ ಆ ಪಂಥದವರು ಆಣೆಯನ್ನೂ ನಿರಾಕರಿಸುತ್ತಾರೆ. ಆಣೆಯಿಟ್ಟು ಹೇಳಿದ್ದೇ ಸತ್ಯವೆಂದಾದರೆ ಆಣೆಯಿಡದೆ ಆಡಿದ ದಿನನಿತ್ಯದ ಮಾತುಗಳ ಗತಿಯೇನು ಎಂಬುದು ಅವರ ತರ್ಕ. ಸತ್ಯವನ್ನು ವ್ರತವಾಗಿ ಬಲ್ಲ ಮನೆತನಗಳಿಗೆ ಈ ತರ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪ್ರಮಾಣವಾದ ಬಳಿಕ ಒಳಗೆ ಸೆನೆಟ್ ಸಭಾಂಗಣದಲ್ಲಿ ಭಾಷಣ. ಮೊದಲು ಸಿದ್ಧವಾಗಿದ್ದ ಕರಡು 73 ಪುಟಗಳಷ್ಟಿತ್ತು. ಅದನ್ನು ಬದಿಗಿಟ್ಟು ಜೇಮ್ಸ್ ಮ್ಯಾಡಿಸನ್ನರ ನೆರವಿನಿಂದ ಚಿಕ್ಕದೊಂದನ್ನು ಬರೆಸಲಾಯಿತು. ಪ್ರತಿನಿಧಿ ಸಭೆಯ ಪರವಾಗಿ ಆ ಭಾಷಣಕ್ಕೆ ಉತ್ತರ ಬರೆದವರೂ ಮ್ಯಾಡಿಸನ್ನರೇ, ಆ ಉತ್ತರಕ್ಕೆ ಅಧ್ಯಕ್ಷರ ಪ್ರತ್ಯುತ್ತರ ಬರೆದವರೂ ಅವರೇ! ರಣರಂಗದಲ್ಲಿ ತೋಪು ಬಂದೂಕುಗಳಿಗೆ ಅಂಜದ ಸೇನಾನಿಯ ಕೈ ಅಂದು ಕಾಗದ ಹಿಡಿದು ನಡುಗುತ್ತಿತ್ತೆಂದು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮಕ್ಲೇ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಮಕ್ಲೇ ಸುಲಭವಾಗಿ ಯಾರನ್ನೂ ಹೊಗಳುವ ಜಾಯಮಾನದವರಲ್ಲವಾದ್ದರಿಂದ ಈ ಸಾಕ್ಷ್ಯಕ್ಕೆ ತೂಕವುಂಟು. ನಡುಗಿದುದು ದೌರ್ಬಲ್ಯವಲ್ಲ. ಪ್ರಮಾಣಮಾಡುವಾಗ ಕೈ ನಡುಗದವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಆ ಭಾಷಣದಲ್ಲಿ ಅವರು ತಮಗೆ ಸಂಬಳ ಬೇಡ, ಆಗುವ ವಾಸ್ತವ ಖರ್ಚನ್ನಷ್ಟೇ ಕೊಟ್ಟರೆ ಸಾಕು ಎಂದು ಕೋರಿದರು. ಯುದ್ಧಕಾಲದಲ್ಲಿಯೂ ಅವರು ವೇತನ ಒಲ್ಲದೆ ಖರ್ಚಿನ ಲೆಕ್ಕವನ್ನು ಸ್ವಹಸ್ತದಿಂದ ಬರೆದಿಟ್ಟು ಒಪ್ಪಿಸಿದ್ದರು. ಕೇಳುವವರಿಗೆ ಇದು ಮಹಾತ್ಯಾಗವೆಂದೇ ತೋರುತ್ತದೆ. ಆದರೆ ಕಾಂಗ್ರೆಸ್ಸು ಒಪ್ಪಲಿಲ್ಲ. ಅಧ್ಯಕ್ಷನಿಗೆ ನಿಗದಿತ ಸಂಭಾವನೆ ಕೊಡತಕ್ಕದ್ದು, ಅವಧಿಯ ನಡುವೆ ಅದನ್ನು ಏರಿಸಕೂಡದು, ಇಳಿಸಲೂಕೂಡದು ಎಂಬುದು ಸಂವಿಧಾನದ ವಿಧಿ. ಅದೇ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 25,000 ಡಾಲರ್ ಎಂದು ಗೊತ್ತುಪಡಿಸಿದರು. ವಾಷಿಂಗ್ಟನ್ನರೂ ಅದನ್ನು ತೆಗೆದುಕೊಂಡರು. ಲೆಕ್ಕ ಬಲ್ಲವರ ದೃಷ್ಟಿಯಲ್ಲಿ ಇಲ್ಲಿ ಕಾಂಗ್ರೆಸ್ಸಿನ ವಿವೇಕವೇ ಮೇಲು. ಸಂಬಳವೆಂಬುದಕ್ಕೆ ಒಂದು ಮಿತಿಯಿದೆ, ಖರ್ಚು ಎಂಬುದಕ್ಕೆ ಮಿತಿಯಿಲ್ಲ. ಪುಕ್ಕಟೆ ಸೇವೆ ಮಾಡುವವರನ್ನು ಪ್ರಶ್ನಿಸುವುದಕ್ಕೆ ಸಭ್ಯಸ್ಥರು ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಬೆಲೆ ಕೆಲವೊಮ್ಮೆ ಸಂಬಳಕ್ಕಿಂತ ದುಬಾರಿಯಾಗುತ್ತದೆ. ಮೇಲಾಗಿ ಸಂಬಳವಿಲ್ಲದ ಪದವಿಗೆ ಶ್ರೀಮಂತರಷ್ಟೇ ಬರಬಲ್ಲರು.

ಬಿರುದಿನ ವಿಷಯವಾಗಿ ನಡೆದ ಚರ್ಚೆಯನ್ನು ಇಲ್ಲಿ ಬಿಡುವಂತಿಲ್ಲ. ಅಧ್ಯಕ್ಷರನ್ನು ಏನೆಂದು ಸಂಬೋಧಿಸಬೇಕು? ಉಪಾಧ್ಯಕ್ಷ ಜಾನ್ ಆಡಮ್ಸ್‌ರಿಗೆ ಗಂಭೀರವಾದ ಬಿರುದೊಂದಿಲ್ಲದೆ ಪರದೇಶಗಳಲ್ಲಿ ಗೌರವ ದೊರೆಯದೆಂಬ ಚಿಂತೆ. ಸೆನೆಟಿನ ಸಮಿತಿಯೊಂದು ಮಹೋನ್ನತರೆಂದೂ ಸ್ವಾತಂತ್ರ್ಯಗಳ ರಕ್ಷಕರೆಂದೂ ಸಾರುವ ಉದ್ದನೆಯ ಸಂಬೋಧನೆಯನ್ನು ಸೂಚಿಸಿತು. ಪ್ರತಿನಿಧಿ ಸಭೆ ಸುತರಾಂ ಒಪ್ಪದೆ, ಸಂವಿಧಾನದಲ್ಲಿರುವಂತೆ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರು ಎಂದಷ್ಟೇ ಸಾಕೆಂದಿತು, ಅದೇ ನಿಂತಿತು. ಸ್ಥೂಲಕಾಯರಾದ ಆಡಮ್ಸ್‌ರಿಗೆ ಮಾತ್ರ, ಅವರ ಆಕಾರವನ್ನೇ ಹಿಡಿದು, ವಿರೋಧಿಗಳು ಒಂದು ಪರಿಹಾಸ್ಯದ ಬಿರುದನ್ನು ಉಚಿತವಾಗಿ ದಯಪಾಲಿಸಿದರು. ಆಹ್ವಾನಪತ್ರಿಕೆಯಲ್ಲಿ ಹೆಸರಿಗಿಂತ ಬಿರುದುಗಳೇ ಹೆಚ್ಚು ಸಾಲು ಹಿಡಿಯುವ ದಿನಗಳಲ್ಲಿ ಈ ಪ್ರಸಂಗ ಸ್ಮರಣೀಯ.

ಇಲ್ಲಿಯವರೆಗಿನದು ಒಂದು ಪುಸ್ತಕದ ಲೆಕ್ಕ. ಮನೆಯೊಳಗೆ ಇನ್ನೊಂದು ಪುಸ್ತಕವಿತ್ತು.

ಕ್ರಾಂತಿಯುದ್ಧದ ವರ್ಷಗಳಲ್ಲೆಲ್ಲ ವಾಷಿಂಗ್ಟನ್ನರ ಬೆನ್ನಹಿಂದೆಯೇ ಇದ್ದ ಪರಿಚಾರಕ ವಿಲಿಯಂ ಲೀ ಎಂಬಾತನು ಗುಲಾಮ. ಎರಡೂ ಮೊಣಕಾಲಿನ ಚಿಪ್ಪುಗಳು ಮುರಿದು ನಡೆಯಲಾರದವನಾಗಿದ್ದರೂ ಹಟಹಿಡಿದು ಆ ಏಪ್ರಿಲಿನಲ್ಲಿ ನ್ಯೂಯಾರ್ಕಿಗೆ ಹೊರಟನು. ಫಿಲಡೆಲ್ಫಿಯಾದಲ್ಲಿ ಮುಂದೆ ಸಾಗದಾಗಿ ಚಿಕಿತ್ಸೆಗೆ ಉಳಿಯಬೇಕಾಯಿತು. ಕಾಲಿಗೆ ಕಬ್ಬಿಣದ ಆಧಾರ ಕಟ್ಟಿಸಿಕೊಂಡು ಅವನು ನ್ಯೂಯಾರ್ಕ್ ಸೇರುವ ವೇಳೆಗೆ ಸಮಾರಂಭ ಮುಗಿದು ಬಹುದಿನಗಳಾಗಿದ್ದವು. ಅಧ್ಯಕ್ಷರ ಹೊಸ ಮನೆಗೆ ಮೌಂಟ್ ವರ್ನನ್ನಿನಿಂದ ಹೀಗೆ ಬಂದ ಗುಲಾಮರು 7 ಮಂದಿ. ಅವರಲ್ಲಿ ಒಬ್ಬಳು ಹದಿಹರೆಯದ ಓನಾ ಜಡ್ಜ್. ಅಧ್ಯಕ್ಷರ ಪತ್ನಿ ಮಾರ್ಥಾರ ಸೇವಕಿ, ಸೂಜಿಕೆಲಸದಲ್ಲಿ ನಿಪುಣೆ.

1790ರ ಫೆಬ್ರವರಿಯಲ್ಲಿ ಮೇಲೆ ಹೇಳಿದ ಕ್ವೇಕರರು ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದರು. ಬೆಂಜಮಿನ್ ಫ್ರಾಂಕ್ಲಿನ್‌ರ ಸಹಿಯಿದ್ದ ಇನ್ನೊಂದು ಮನವಿಯೂ ಜೊತೆಗೆ ಬಂದಿತು. 1808ರವರೆಗೆ ಆ ವ್ಯಾಪಾರವನ್ನು ತಡೆಯಕೂಡದೆಂದು ಸಂವಿಧಾನವೇ ಕಾಂಗ್ರೆಸ್ಸಿನ ಕೈಕಟ್ಟಿತ್ತು. ಮನವಿ ತಣ್ಣಗಾಯಿತು. ಅದು ಅಕಾಲದ್ದಾಗಿತ್ತೆಂದೂ ಕೊನೆಗೂ ನಿದ್ದೆಹೋಯಿತೆಂದೂ ವಾಷಿಂಗ್ಟನ್ನರು ಆಪ್ತರಿಗೆ ಬರೆದರು.

ಆ ವರ್ಷದ ಕೊನೆಗೆ ರಾಜಧಾನಿ ಫಿಲಡೆಲ್ಫಿಯಾಕ್ಕೆ ಬದಲಾಯಿತು. 1780ರ ಪೆನ್ಸಿಲ್ವೇನಿಯಾ ಕಾನೂನಿನಂತೆ, ಹೊರಗಿನಿಂದ ಬಂದು ನೆಲಸಿದವರ ಗುಲಾಮರು ಆರು ತಿಂಗಳು ಅಲ್ಲಿ ಇದ್ದರೆ ಬಿಡುಗಡೆ ಕೇಳಬಹುದಾಗಿತ್ತು. ಇದನ್ನು ತಪ್ಪಿಸಲು ಗುಲಾಮರನ್ನು ಆಗಾಗ ಗಡಿಯಾಚೆ ಕಳುಹಿಸಿ ಮರಳಿ ಕರೆಸುವುದನ್ನು 1788ರ ತಿದ್ದುಪಡಿ ನಿಷೇಧಿಸಿತ್ತು. ಅಧ್ಯಕ್ಷರ ಮನೆಯಲ್ಲಿ ನಡೆದದ್ದು ಅದೇ. 1791ರ ಏಪ್ರಿಲಿನಲ್ಲಿ ವಾಷಿಂಗ್ಟನ್ನರು ಕಾರ್ಯದರ್ಶಿ ಟೋಬಾಯಸ್ ಲಿಯರ್‌ಗೆ ಬರೆದ ಪತ್ರದಲ್ಲಿ, ಈ ಕೆಲಸವನ್ನು ಆ ಜನರಿಗೂ ತಿಳಿಯದಂತೆ, ಸಾರ್ವಜನಿಕರಿಗೂ ತಿಳಿಯದಂತೆ ಯಾವುದಾದರೊಂದು ನೆವ ಹೂಡಿ ನಡೆಸಬೇಕೆಂದು ಸೂಚಿಸಿದ್ದಾರೆ. ಸಾಲಪತ್ರವನ್ನು ಸಂಕೋಚವಿಲ್ಲದೆ ಬರೆದವರು, ಯುದ್ಧದ ಖರ್ಚನ್ನು ಪೈಸೆಗೆ ಪೈಸೆ ಒಪ್ಪಿಸಿದವರು ಬರೆದ ಮಾತಿದು. ಅಂಗಡಿಯಲ್ಲಿ ಎರಡು ಲೆಕ್ಕಪುಸ್ತಕ ಇಡುವವನು ಎರಡನೆಯದನ್ನು ಬಚ್ಚಿಡುವುದೇ ಅದು ಸರಿಯಲ್ಲವೆಂದು ಅವನಿಗೆ ಗೊತ್ತಿರುವುದರಿಂದ.

1793ರ ಮಾರ್ಚ್ 4ರಂದು ಫಿಲಡೆಲ್ಫಿಯಾದ ಸೆನೆಟ್ ಸಭಾಂಗಣದಲ್ಲಿ ಎರಡನೆಯ ಪ್ರಮಾಣವಚನ ನಡೆಯಿತು. ನ್ಯಾಯಮೂರ್ತಿ ವಿಲಿಯಂ ಕುಶಿಂಗ್ ಬೋಧಿಸಿದರು. ಅಂದಿನ ಭಾಷಣ ಕೇವಲ 135 ಪದಗಳದು. ಇಂದಿನವರೆಗೂ ಅಷ್ಟು ಚಿಕ್ಕ ಭಾಷಣ ಮಾಡಿದ ಅಧ್ಯಕ್ಷರು ಇನ್ನೊಬ್ಬರಿಲ್ಲ. ತಾವು ತಿಳಿದೂ ತಿಳಿದೂ ಈ ಪ್ರಮಾಣವನ್ನು ಮೀರಿದ್ದು ಕಂಡುಬಂದರೆ, ಸಂವಿಧಾನ ವಿಧಿಸುವ ಶಿಕ್ಷೆಯಲ್ಲದೆ ಇಲ್ಲಿ ಸಾಕ್ಷಿಗಳಾಗಿ ನಿಂತವರೆಲ್ಲರ ನಿಂದೆಗೂ ತಾವು ಗುರಿಯಾಗತಕ್ಕವರು ಎಂಬುದು ಅದರ ಸಾರ. ಅಧಿಕಾರಕ್ಕೆ ಬರುವವರು ಭರವಸೆಗಳ ಪಟ್ಟಿ ಓದುವುದುಂಟು. ತಮ್ಮನ್ನು ಯಾವಾಗ ನಿಂದಿಸಬೇಕೆಂಬುದನ್ನು ತಾವೇ ತಿಳಿಸಿ ಪೀಠದಲ್ಲಿ ಕೂರುವವರು ಅಪೂರ್ವ.

ಆ ಮಾತಿನಲ್ಲಿ ಕಪಟವಿತ್ತೆಂದು ಹೇಳಲಾಗದು. ತೊಡಕು ಇರುವುದು ಬೇರೆ ಕಡೆ. ಇದಕ್ಕೆ ಮೂರು ವಾರಗಳಷ್ಟೇ ಮುಂಚೆ, ಫೆಬ್ರವರಿ 12ರಂದು, ಅವರು ಓಡಿಹೋದ ಗುಲಾಮರನ್ನು ಕುರಿತ ಕಾನೂನಿಗೆ ಸಹಿ ಹಾಕಿದ್ದರು. ಒಡೆಯನು ಇನ್ನೊಂದು ರಾಜ್ಯದಲ್ಲಿ ಗುಲಾಮನನ್ನು ಹಿಡಿದು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿ ಕರೆದೊಯ್ಯಬಹುದು. ಅಡ್ಡಬಂದವರಿಗೆ 500 ಡಾಲರ್ ದಂಡ. ಅಂಥವರನ್ನು ಹಿಂದಿರುಗಿಸಬೇಕೆಂದು ಸಂವಿಧಾನದಲ್ಲೇ ವಿಧಿಯಿದ್ದುದರಿಂದ, ಈ ಸಹಿಯಿಂದ ಪ್ರಮಾಣಕ್ಕೆ ಭಂಗ ಬಂದಿತೆನ್ನುವಂತಿಲ್ಲ. ಪ್ರಮಾಣವನ್ನು ಪಾಲಿಸಿದಂತೆಯೇ ಆಯಿತು. ಕಾಗದಕ್ಕೆ ಬದ್ಧನಾದವನು ಕಾಗದದಲ್ಲಿರುವ ಅನ್ಯಾಯಕ್ಕೂ ಬದ್ಧನಾಗುತ್ತಾನೆ. ವಚನಪಾಲನೆಯ ಶುದ್ಧಿ ವಚನವನ್ನು ತಾನಾಗಿ ಶುದ್ಧಗೊಳಿಸುವುದಿಲ್ಲ. ಲಿವಿಂಗ್‌ಸ್ಟನ್ನರಾಗಲಿ ಕುಶಿಂಗ್‌ರಾಗಲಿ ಪ್ರಮಾಣ ಬೋಧಿಸುವಾಗ ಈ ಪ್ರಶ್ನೆ ಎತ್ತಲಿಲ್ಲ. ಎತ್ತುವುದು ಅವರ ಕೆಲಸವೂ ಆಗಿರಲಿಲ್ಲ. ಎತ್ತಿದ್ದವರು ಮನವಿ ಹಿಡಿದು ಬಂದ ಆ ಆಣೆಯಿಡದ ಜನ.

1796ರ ಮೇ 21ರಂದು, ಮನೆಯವರು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಓನಾ ಜಡ್ಜ್ ಅಧ್ಯಕ್ಷರ ಮನೆಯಿಂದ ಹೊರನಡೆದು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ಆಕೆಯನ್ನು ತರಿಸಲು ವಾಷಿಂಗ್ಟನ್ನರು ಖಜಾನೆಯ ಮಂತ್ರಿ ಆಲಿವರ್ ವುಲ್ಕಾಟ್‌ರ ಮೂಲಕ ಆ ಬಂದರಿನ ಸುಂಕಾಧಿಕಾರಿ ಜೋಸೆಫ್ ವಿಪಲ್‌ಗೆ ಹೇಳಿಸಿದರು. ಮನೆಯ ಕೆಲಸಕ್ಕೆ ಸರ್ಕಾರದ ನೌಕರ! ವಿಪಲ್ ಆಕೆಯನ್ನು ಕಂಡು ಮಾತನಾಡಿದರು. ವಾಷಿಂಗ್ಟನ್ ದಂಪತಿಗಳ ಕಾಲಾನಂತರ ಬಿಡುಗಡೆ ಕೊಡುವುದಾದರೆ ಮರಳಿ ಬರಲು ಸಿದ್ಧಳೆಂದು ಆಕೆ ಹೇಳಿದುದನ್ನು ತಿಳಿಸಿದರು. ನವೆಂಬರಿನಲ್ಲಿ ಬಂದ ಉತ್ತರ ಖಂಡಿತವಾಗಿತ್ತು: ಅಂಥ ಕರಾರು ಸಾಧ್ಯವಿಲ್ಲ, ಅದು ನಂಬಿಕೆಗೆ ಎರವಾದವಳಿಗೆ ಬಹುಮಾನ ಕೊಟ್ಟಂತೆ, ಉಳಿದವರ ಮನಸ್ಸೂ ಕೆಟ್ಟೀತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಸೆಪ್ಟೆಂಬರ್ 19ರಂದು, ಮೂರನೆಯ ಬಾರಿಗೆ ಪದವಿ ಬೇಡವೆಂದು ತಿಳಿಸಿದ ಅವರ ವಿದಾಯದ ಲೇಖನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ರಾಷ್ಟ್ರವನ್ನು ಬಿಟ್ಟುಕೊಡಲು ಸಾಧ್ಯವಾದ ಕೈಗೆ ಒಬ್ಬ ಹೆಣ್ಣುಮಗಳನ್ನು ಬಿಟ್ಟುಕೊಡಲು ಸಾಧ್ಯವಾಗಲಿಲ್ಲ.

ರಾಷ್ಟ್ರವನ್ನು ಬಿಟ್ಟುಕೊಟ್ಟ ರೀತಿ ಮಾತ್ರ ನಿಜಕ್ಕೂ ಮನೋಹರವಾದುದು. 1797ರ ಮಾರ್ಚ್ 4ರಂದು ಜಾನ್ ಆಡಮ್ಸ್ ಪ್ರಮಾಣ ಸ್ವೀಕರಿಸಿದರು. ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. ಸಭೆಯಲ್ಲಿ ಹಲವರ ಕಣ್ಣು ತೇವವಾಗಿತ್ತು. ವಾಷಿಂಗ್ಟನ್ನರ ಮುಖವೊಂದೇ ನಿರ್ಮಲವಾಗಿತ್ತೆಂದೂ, ನಾನು ಹೊರಬಂದೆ, ನೀನು ಒಳಹೋದೆ, ಯಾರು ಹೆಚ್ಚು ಸುಖಿಗಳೋ ನೋಡೋಣ ಎಂದು ಆ ಮುಖ ಹೇಳುತ್ತಿರುವಂತೆ ತೋರಿತೆಂದೂ ಆಡಮ್ಸ್ ತಮ್ಮ ಪತ್ನಿಗೆ ಬರೆದರು. ಸಭೆ ಮುಗಿದು ಹೊರಡುವಾಗ ಜೆಫರ್ಸನ್ನರು ರೂಢಿಯಂತೆ ಹಿರಿಯರಿಗೆ ದಾರಿಬಿಟ್ಟು ನಿಂತರು. ವಾಷಿಂಗ್ಟನ್ನರು ಕದಲಲಿಲ್ಲ. ತಾವೀಗ ಸಾಮಾನ್ಯ ನಾಗರಿಕರು, ಉಪಾಧ್ಯಕ್ಷರು ಮುಂದೆ ಹೋಗತಕ್ಕದ್ದು ಎಂದು ಸನ್ನೆಮಾಡಿ, ಅವರು ಮುಂದೆ ಹೋದ ಮೇಲೆಯೇ ಹೆಜ್ಜೆ ಇಟ್ಟರು. ನಾಲ್ಕು ವರ್ಷಗಳ ಬಳಿಕ ಇದೇ ಆಡಮ್ಸ್, ಜೆಫರ್ಸನ್ನರ ಸಮಾರಂಭಕ್ಕೆ ನಿಲ್ಲದೆ ನಸುಕಿನ ಗಾಡಿಯಲ್ಲಿ ಊರಿಗೆ ಹೊರಟುಬಿಟ್ಟರೆಂಬುದನ್ನು ನೆನೆದರೆ, ಬಾಗಿಲಲ್ಲಿ ಹಿಂದೆ ನಿಲ್ಲುವುದೂ ಎಲ್ಲರಿಗೂ ಒಲಿಯುವ ವಿದ್ಯೆಯಲ್ಲವೆಂದು ತಿಳಿಯುತ್ತದೆ.

ವಾಷಿಂಗ್ಟನ್ನರು 1799ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ಬರೆದ ಉಯಿಲಿನಲ್ಲಿ ವಿಲಿಯಂ ಲೀಗೆ ತಕ್ಷಣ ಬಿಡುಗಡೆಯನ್ನೂ ವರ್ಷಕ್ಕೆ 30 ಡಾಲರ್ ಜೀವನಾಂಶವನ್ನೂ ಬರೆದಿದ್ದರು. ತಮ್ಮ ಹೆಸರಿನಲ್ಲಿದ್ದ ಉಳಿದ ಗುಲಾಮರಿಗೆ ಪತ್ನಿಯ ಕಾಲಾನಂತರ ಬಿಡುಗಡೆ. ಮಾರ್ಥಾ ಅಷ್ಟು ಕಾಯದೆ 1801ರ ಜನವರಿ 1ರಂದೇ ಅವರನ್ನು ಬಿಟ್ಟುಕೊಟ್ಟರು. ಮೌಂಟ್ ವರ್ನನ್ನಿನ 317 ಮಂದಿಯಲ್ಲಿ ಹೀಗೆ ಅವರ ಸ್ವಂತಕ್ಕೆ ಸೇರಿದ್ದವರು 123 ಜನ. ಉಳಿದವರಲ್ಲಿ ಹೆಚ್ಚಿನವರು ಮಾರ್ಥಾರ ಮೊದಲ ಪತಿಯ ಆಸ್ತಿಗೆ ಸೇರಿದವರಾದ್ದರಿಂದ ಉಯಿಲು ಅವರನ್ನು ಮುಟ್ಟಲಿಲ್ಲ. ಓನಾ ಜಡ್ಜ್ ಆ ಪಾಲಿಗೆ ಸೇರಿದವಳು. ನ್ಯೂ ಹ್ಯಾಂಪ್‌ಶೈರಿನಲ್ಲಿ ಮದುವೆಯಾಗಿ, ಮಕ್ಕಳನ್ನು ಹೆತ್ತು, ಅವರನ್ನು ಕಳೆದುಕೊಂಡು, ಕಡುಬಡತನದಲ್ಲಿ ಮುಪ್ಪನ್ನು ಕಂಡಳು. ಅಧ್ಯಕ್ಷರ ಮನೆಯ ಸುಖವನ್ನು ಬಿಟ್ಟು ಬಂದುದಕ್ಕೆ ಪಶ್ಚಾತ್ತಾಪವಿದೆಯೇ ಎಂದು 1840ರ ದಶಕದಲ್ಲಿ ಪತ್ರಿಕೆಯವರು ಕೇಳಿದಾಗ ಇಲ್ಲವೆಂದಳು. 1848ರಲ್ಲಿ ಆಕೆ ತೀರಿಕೊಂಡಾಗಲೂ, 1793ರ ಆ ಕಾನೂನಿನ ಪ್ರಕಾರ, ಹಿಡಿದು ಹಿಂದಿರುಗಿಸಬೇಕಾದವರ ಸಾಲಿನಲ್ಲಿಯೇ ಇದ್ದಳು.